ಬೆರಳಿನ ಪರಿಹಾರ, ಬದುಕಿನ ಆಸರೆ: ಇತಿಹಾಸದ ಎರಡು ಲೆಕ್ಕಗಳು

ಕೆಲವು ವರ್ಷಗಳ ಹಿಂದೆ ನಮ್ಮ ಮದ್ರಸದ ಬಾಲಕನೊಬ್ಬನ ತಂದೆ ಮರದ ಮಿಲ್ಲಿನಲ್ಲಿ ಎಡಗೈಯ ಎರಡು ಬೆರಳುಗಳನ್ನು ಕಳೆದುಕೊಂಡರು. ಮಾಲೀಕರು ಕೊಟ್ಟ ಹತ್ತು ಸಾವಿರ ರೂಪಾಯಿಗಳನ್ನು ಅವರು ಸದಕಾ ಎಂದೇ ಭಾವಿಸಿದರು. ಜಮಾಅತ್ ಕೂಡ ಝಕಾತ್ ನಿಧಿಯಿಂದ ನೆರವಾಯಿತು. ಒಂದು ಸಂಜೆ ಅವರು ಬಂದು ಕೇಳಿದರು: "ಉಸ್ತಾದರೇ, ಕಾನೂನಿನ ಪ್ರಕಾರ ಇನ್ನೂ ಪರಿಹಾರ ಕೇಳಬಹುದಂತೆ. ಒಂದೇ ಗಾಯಕ್ಕೆ ಎರಡು ಕಡೆಯಿಂದ ಹಣ ಪಡೆಯುವುದು ದುರಾಸೆಯಲ್ಲವೇ?"

ಈ ಪ್ರಶ್ನೆಯ ಹಿಂದಿದ್ದ ತಖ್ವಾವನ್ನು ನಾವು ಗೌರವಿಸುತ್ತೇವೆ. ಆದರೆ ನಷ್ಟಕ್ಕೆ ಸಲ್ಲಬೇಕಾದುದು ಬೇರೆ, ಅಗತ್ಯಕ್ಕೆ ಸಲ್ಲಬೇಕಾದುದು ಬೇರೆ ಎಂಬುದನ್ನು ನಮ್ಮ ಇತಿಹಾಸವು ಬಹಳ ಹಿಂದೆಯೇ ಸ್ಪಷ್ಟಪಡಿಸಿದೆ.

ಮೊದಲನೆಯ ಲೆಕ್ಕ ದಿಯತ್, ಅಂದರೆ ಪ್ರಾಣಕ್ಕೆ ಅಥವಾ ಅಂಗಕ್ಕೆ ಹಾನಿಯಾದಾಗ ಕೊಡಬೇಕಾದ ಪರಿಹಾರ. ಪ್ರವಾದಿ(ಸ)ರವರು ಅಮ್ರ್ ಬಿನ್ ಹಝ್ಮ್(ರ)ರ ಮೂಲಕ ಯಮನಿಗೆ ಕಳುಹಿಸಿದ ಪತ್ರದಲ್ಲಿ ಇದರ ಪ್ರಮಾಣಗಳಿದ್ದವು. ಪ್ರಾಣಕ್ಕೆ 100 ಒಂಟೆಗಳು. ಎರಡೂ ಕಣ್ಣುಗಳು ಹೋದರೆ ಪೂರ್ಣ ದಿಯತ್, ಒಂದು ಕಾಲಿಗೆ ಅದರ ಅರ್ಧ. ಪ್ರತಿ ಬೆರಳಿಗೆ 10 ಒಂಟೆಗಳು, ಪ್ರತಿ ಹಲ್ಲಿಗೆ 5.

ಬೆರಳಿನ ವಿಷಯದಲ್ಲಿ ಒಂದು ಸ್ವಾರಸ್ಯಕರ ಘಟನೆ ವರದಿಯಾಗಿದೆ. ಖಲೀಫಾ ಉಮರ್(ರ)ರವರು ಮೊದಲು ಬೆರಳುಗಳ ಉಪಯೋಗವನ್ನು ನೋಡಿ ಹೆಬ್ಬೆರಳಿಗೆ ಹೆಚ್ಚು, ಕಿರುಬೆರಳಿಗೆ ಕಡಿಮೆ ಎಂದು ತೀರ್ಪು ನೀಡುತ್ತಿದ್ದರು. ಅಮ್ರ್ ಬಿನ್ ಹಝ್ಮ್(ರ)ರ ಕುಟುಂಬದಲ್ಲಿದ್ದ ಆ ಪತ್ರವು ದೊರೆತ ಮೇಲೆ ತಮ್ಮ ಅಭಿಪ್ರಾಯವನ್ನು ಬಿಟ್ಟು, ಎಲ್ಲ ಬೆರಳುಗಳೂ ಸಮಾನವೆಂದು ಒಪ್ಪಿಕೊಂಡರು. ಕೂಲಿಕಾರನ ಬೆರಳಿಗೂ ವ್ಯಾಪಾರಿಯ ಬೆರಳಿಗೂ ಒಂದೇ ಲೆಕ್ಕ. ಅಲ್ಲಿ ಸಂಪಾದನೆಯ ಪ್ರಶ್ನೆಯೇ ಇರಲಿಲ್ಲ.

ಒಬ್ಬನಿಗೇ ಹಲವು ಹಾನಿಗಳಾದರೆ? ತಲೆಗೆ ಬಿದ್ದ ಒಂದೇ ಪೆಟ್ಟಿನಿಂದ ಒಬ್ಬ ವ್ಯಕ್ತಿಯು ಶ್ರವಣ, ವಾಕ್ಕು, ಬುದ್ಧಿ ಮತ್ತು ದಾಂಪತ್ಯದ ಸಾಮರ್ಥ್ಯ ಈ ನಾಲ್ಕನ್ನೂ ಕಳೆದುಕೊಂಡನು. ಉಮರ್(ರ)ರವರು ಅವನು ಬದುಕಿರುವಾಗಲೇ ನಾಲ್ಕು ದಿಯತ್‌ಗಳನ್ನು ವಿಧಿಸಿದರೆಂದು ವರದಿಯಿದೆ. ಪೆಟ್ಟು ಒಂದಾದರೂ ನಷ್ಟಗಳು ನಾಲ್ಕು. ಆದರೆ ಗಾಯವು ವಾಸಿಯಾಗುವ ಮುನ್ನ ಅದರಿಂದಲೇ ಗಾಯಾಳು ಮೃತಪಟ್ಟರೆ, ಅಂಗಗಳ ಲೆಕ್ಕವೆಲ್ಲ ಪ್ರಾಣದ ಒಂದೇ ದಿಯತ್ತಿನಲ್ಲಿ ಲೀನವಾಗುತ್ತದೆಂದು ಬಹುಪಾಲು ಫುಕಹಾಗಳು ಹೇಳಿದ್ದಾರೆ.

ಎರಡನೆಯ ಲೆಕ್ಕ ಬೈತುಲ್‌ಮಾಲಿನದು. ಇದು ಗಾಯದ ಬೆಲೆಯನ್ನಲ್ಲ, ಮನುಷ್ಯನ ಅಗತ್ಯವನ್ನು ಅಳೆಯುತ್ತದೆ. ಕ್ರಿ.ಶ. 633ರಲ್ಲಿ ಖಾಲಿದ್ ಬಿನ್ ವಲೀದ್(ರ)ರವರು ಹೀರಾ ಪಟ್ಟಣದ ಕ್ರೈಸ್ತರೊಂದಿಗೆ ಮಾಡಿಕೊಂಡ ಒಪ್ಪಂದವನ್ನು ಖಾಝಿ ಅಬೂ ಯೂಸುಫ್‌ರವರು ತಮ್ಮ 'ಕಿತಾಬುಲ್ ಖರಾಜ್'ನಲ್ಲಿ ದಾಖಲಿಸಿದ್ದಾರೆ. ಅದರಂತೆ ದುಡಿಯಲಾಗದ ವೃದ್ಧನಿಗೂ ವಿಪತ್ತಿಗೊಳಗಾದವನಿಗೂ ಜಿಝ್ಯಾ ಮನ್ನಾ. ಅವನಿಗೂ ಅವನ ಅವಲಂಬಿತರಿಗೂ ಬೈತುಲ್‌ಮಾಲಿನಿಂದ ಜೀವನಾಂಶ. ಮುಂದೆ ದಮಾಸ್ಕಸ್‌ನಲ್ಲಿ ಖಲೀಫಾ ವಲೀದ್ (705–715) ಕುಷ್ಠರೋಗಿಗಳಿಗೆ ವೇತನ ಗೊತ್ತುಪಡಿಸಿ, ಅವರು ಬೇಡುವುದನ್ನು ನಿಲ್ಲಿಸಿದರು. ಉಮರ್ ಬಿನ್ ಅಬ್ದುಲ್ ಅಝೀಝ್ (717–720) ಪ್ರತಿ ಅಂಧನಿಗೆ ಒಬ್ಬ ಮಾರ್ಗದರ್ಶಿಯನ್ನೂ ಪ್ರತಿ ಇಬ್ಬರು ದೀರ್ಘರೋಗಿಗಳಿಗೆ ಒಬ್ಬ ಸೇವಕನನ್ನೂ ನೇಮಿಸಲು ಆಜ್ಞಾಪಿಸಿದರೆಂದು ಇತಿಹಾಸಕಾರರು ಬರೆದಿದ್ದಾರೆ. ಈ ಅಂಗವೈಕಲ್ಯಕ್ಕೆ ಯಾರು ಹೊಣೆ ಎಂಬ ವಿಚಾರಣೆ ಈ ಲೆಕ್ಕದಲ್ಲಿರಲಿಲ್ಲ.

ಇನ್ನು ನಮ್ಮ ನಾಡಿನ ಕಾಯಿದೆಯತ್ತ ನೋಡೋಣ. ಬ್ರಿಟಿಷರ ಆಳ್ವಿಕೆಯಲ್ಲಿ ಬಂದ 1923ರ ಕಾರ್ಮಿಕರ ಪರಿಹಾರ ಕಾಯಿದೆಯು ಬೆರಳನ್ನಲ್ಲ, ದುಡಿಮೆಯ ಸಾಮರ್ಥ್ಯವನ್ನು ಅಳೆಯಿತು. ಅದರ ಅನುಸೂಚಿಯಲ್ಲಿ ಹೆಬ್ಬೆರಳು ಹೋದರೆ ಶೇ. 30, ಒಂದು ಕೈಯ ಎರಡು ಬೆರಳುಗಳು ಹೋದರೆ ಶೇ. 20, ನಾಲ್ಕೂ ಹೋದರೆ ಶೇ. 50 ಎಂದಿದೆ. ಸಂಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ತಿಂಗಳ ವೇತನದ ಶೇ. 60ನ್ನು ವಯಸ್ಸಿನ ಗುಣಕದಿಂದ ಗುಣಿಸುತ್ತಾರೆ. ಭಾಗಶಃ ಆಗಿದ್ದರೆ ಅದರಲ್ಲಿ ಶೇಕಡಾವಾರು ಪಾಲು. ಉದಾಹರಣೆಗೆ, 40 ವರ್ಷದವನ ಗುಣಕ 184.17. ಅವನ ವೇತನ 10,000 ರೂಪಾಯಿಯಾದರೆ 6,000ವನ್ನು 184.17ರಿಂದ ಗುಣಿಸಿದಾಗ 11,05,020 ರೂಪಾಯಿ. ಎರಡು ಬೆರಳುಗಳಿಗೆ ಅದರ ಶೇ. 20, ಅಂದರೆ 2,21,004 ರೂಪಾಯಿ. ಒಂದೇ ಅಪಘಾತದ ಹಲವು ಗಾಯಗಳನ್ನು ಕೂಡಿಸಬಹುದು. ಆದರೆ ಮೊತ್ತವು ಸಂಪೂರ್ಣ ಅಂಗವೈಕಲ್ಯದ ಪರಿಹಾರವನ್ನು ಮೀರುವಂತಿಲ್ಲ. ಉಮರ್(ರ)ರ ನಾಲ್ಕು ದಿಯತ್‌ಗಳಿಗಿದ್ದ ಅವಕಾಶ ಇಲ್ಲಿಲ್ಲ.

ಸ್ವಾತಂತ್ರ್ಯಾನಂತರದ 1948ರ ನೌಕರರ ರಾಜ್ಯ ವಿಮಾ ಕಾಯಿದೆಯು, ಅಂದರೆ ನಮ್ಮ ಜನರು ಇಎಸ್‌ಐ ಎನ್ನುವ ವ್ಯವಸ್ಥೆಯು, ಕಾಯಿಲೆಯನ್ನೂ ಸೇರಿಸಿಕೊಂಡಿತು. ಈಚಿನ ನಿಯಮಗಳಂತೆ ಕಾಯಿಲೆಯ ದಿನಗಳಿಗೆ ಸರಾಸರಿ ದಿನಗೂಲಿಯ ಶೇ. 70, ಕೆಲಸದಲ್ಲಾದ ಗಾಯದಿಂದ ತಾತ್ಕಾಲಿಕವಾಗಿ ದುಡಿಯಲಾಗದಿದ್ದರೆ ಶೇ. 90. ಒಂದೇ ಅವಧಿಗೆ ಇವೆರಡನ್ನೂ ಪಡೆಯುವಂತಿಲ್ಲ. ಯಾವುದು ಬೇಕೆಂಬ ಆಯ್ಕೆಯನ್ನು 65ನೆಯ ಸೆಕ್ಷನ್ ಕಾರ್ಮಿಕನಿಗೇ ಬಿಟ್ಟಿತು. ಶಾಶ್ವತ ಅಂಗವೈಕಲ್ಯದ ಭತ್ಯೆಯನ್ನು ಮಾತ್ರ ಈ ನಿರ್ಬಂಧದಲ್ಲಿ ಸೇರಿಸಲಿಲ್ಲ. ಇಎಸ್‌ಐ ವಿಮೆ ಇದ್ದವನು ಅದೇ ಗಾಯಕ್ಕೆ 1923ರ ಕಾಯಿದೆಯಡಿ ಮತ್ತೆ ಪರಿಹಾರ ಕೇಳುವಂತಿರಲಿಲ್ಲ. ಈ ಎರಡೂ ಹಳೆಯ ಕಾಯಿದೆಗಳನ್ನು ಮುಂದೆ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಡಕಗೊಳಿಸಲಾಯಿತು.

ಹೀಗೆ ಮದೀನಾದ ಲೆಕ್ಕವೂ ದೆಹಲಿಯ ಲೆಕ್ಕವೂ ತಮ್ಮದೇ ಮಾನದಂಡಗಳನ್ನು ಹೊಂದಿದ್ದರೂ ಒಂದು ಮಾತಿನಲ್ಲಿ ಕೂಡುತ್ತವೆ: ಒಂದೇ ನಷ್ಟಕ್ಕೆ ಎರಡು ಬಾರಿ ಪಡೆಯಬಾರದು, ಆದರೆ ಒಂದು ಹಕ್ಕು ಬೇರೊಂದು ಹಕ್ಕನ್ನು ನುಂಗಲೂಬಾರದು.

ಆ ತಂದೆಗೆ ನಾವು ಇದನ್ನೇ ತಿಳಿಸಿದೆವು. ಅವರಿಗೆ ಇಎಸ್‌ಐ ವಿಮೆ ಇರಲಿಲ್ಲ. ಆದುದರಿಂದ 1923ರ ಕಾಯಿದೆಯ ಬಾಗಿಲು ತೆರೆದಿತ್ತು. ಆ ಪರಿಹಾರವು ಬೆರಳುಗಳ ನಷ್ಟಕ್ಕೆ ಸಲ್ಲಬೇಕಾದ ಹಕ್ಕೇ ಹೊರತು ಮಾಲೀಕರ ಸದಕಾ ಅಲ್ಲ. ಝಕಾತ್ ಅವರ ಬಡತನಕ್ಕೆ ಸಂದದ್ದು. ಆದುದರಿಂದ ಅದನ್ನು ಪಡೆದ ಕಾರಣಕ್ಕೆ ಪರಿಹಾರದ ಹಕ್ಕು ಅಳಿಯುವುದಿಲ್ಲ. ಪರಿಹಾರದ ಹಣ ಕೈಸೇರಿ ಅಗತ್ಯವು ನೀಗಿದರೆ, ಮುಂದಿನ ಝಕಾತನ್ನು ಬೇರೆ ಬಡವರಿಗೆ ಬಿಟ್ಟುಕೊಡುವುದು ಅವರ ಹೊಣೆ. ಅವರ ಅಂಜಿಕೆಗೆ ನಿಜವಾದ ಸ್ಥಾನವಿದ್ದುದು ಅಲ್ಲಿ.

ಕಾಯಿದೆಯು ಅರ್ಜಿಗೆ ಎರಡು ವರ್ಷಗಳ ಗಡುವು ಕೊಟ್ಟಿತ್ತು. ಅದರಲ್ಲಿ ಹದಿನಾಲ್ಕು ತಿಂಗಳುಗಳು ಸಂಕೋಚದಲ್ಲೇ ಕಳೆದಿದ್ದವು. ಅಂದು ಮಗ್ರಿಬ್ ನಮಾಝಿನ ಬಳಿಕ ಮಸೀದಿಯ ಜಗಲಿಯಲ್ಲಿ ಕುಳಿತು ನಾವು ಅವರ ಅರ್ಜಿಯನ್ನು ಬರೆದೆವು. ನಮ್ಮ ಮೊಹಲ್ಲಾಗಳಲ್ಲಿ ಹೀಗೆ ಸಂಕೋಚಪಡುವವರು ಇನ್ನೂ ಅನೇಕರಿದ್ದಾರೆ. ಅವರ ಬಳಿ ಕುಳಿತು ಒಂದು ಅರ್ಜಿ ಬರೆದುಕೊಡುವುದೂ ರೋಗಿಯ ಸಂದರ್ಶನದಂತೆಯೇ ನಮ್ಮ ಹೊಣೆಯೆಂದು ನಾವು ತಿಳಿಯಬೇಕು. ಅಲ್ಲಾಹನು ನಮಗೆ ಅದರ ತೌಫೀಖ್ ನೀಡಲಿ, ಆಮೀನ್.