ದೋಣಿಯ ವಿದ್ಯುತ್ ದೋಷಪತ್ತೆ

ಸಣ್ಣ ಯಾಂತ್ರಿಕ ದೋಣಿಯ ಸ್ಟಾರ್ಟರ್, ದೀಪ, ಜಿಪಿಎಸ್, ರೇಡಿಯೊಗಳಿಗೆ ವಿದ್ಯುತ್ ಏಕೆ ತಲುಪುತ್ತಿಲ್ಲ ಎಂದು ಕಂಡುಹಿಡಿಯುವ ಕ್ರಮ. ಉತ್ತರ ಕನ್ನಡದಲ್ಲಿ ಹೀಗೆ ವಿದ್ಯುತ್ ಕೈಕೊಡುವುದು ಹೆಚ್ಚಾಗಿ ಕಾರವಾರ, ತದಡಿ, ಹೊನ್ನಾವರ, ಭಟ್ಕಳದ ಕಡಲದೋಣಿಗಳ ತಾಪತ್ರಯ. ಮುಂಡಗೋಡ ತಾಲ್ಲೂಕಿನ ಸನವಳ್ಳಿಯಂಥ ಒಳನಾಡಿನ ಕೆರೆನೀರಿನಲ್ಲಿ ಉಪ್ಪಿನ ಕಾಟವಿಲ್ಲ. ಆದರೂ ಜೋಡಣೆಗಳಿಗೆ ಕಿಲುಬು ಹಿಡಿಸುವ ಅದೇ ಕೆಲಸವನ್ನು ಮಳೆಗಾಲದ ತೇವ ನಿಧಾನವಾಗಿ ಮಾಡುತ್ತದೆ.

ಎಂಜಿನ್ ಏಳದಿದ್ದರೆ ಬ್ಯಾಟರಿಯನ್ನು ದೂರುವುದು ರೂಢಿ. ಎಷ್ಟೋ ಸಲ ತಪ್ಪು ಟರ್ಮಿನಲ್‌ನದು. 12 ವೋಲ್ಟ್‌ನ ಸೀಸ-ಆಮ್ಲ ಬ್ಯಾಟರಿ ಪೂರ್ತಿ ಚಾರ್ಜಾಗಿ ಕೆಲವು ಗಂಟೆ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಬೇಕು. ಎಂಜಿನ್ ಓಡುವಾಗ 13.8ರಿಂದ 14.4. ಏರದಿದ್ದರೆ ಬೆಲ್ಟ್, ಆಲ್ಟರ್ನೇಟರ್ ಅಥವಾ ರೆಕ್ಟಿಫೈಯರ್ ನೋಡಬೇಕು. ವೋಲ್ಟೇಜ್ ಸರಿಯಿದ್ದೂ ಸ್ಟಾರ್ಟರ್ ಬರೇ ಟಿಕ್ಕೆಂದರೆ ಮಲ್ಟಿಮೀಟರ್‌ನ ಒಂದು ಪ್ರೋಬನ್ನು ಬ್ಯಾಟರಿಯ ಕಂಬಕ್ಕೂ ಇನ್ನೊಂದನ್ನು ಅದಕ್ಕೆ ಬಿಗಿದ ಕ್ಲಾಂಪಿಗೂ ಇಟ್ಟು ಕೀಲಿ ತಿರುಗಿಸಬೇಕು. ಅಂಕಿ ಸೊನ್ನೆಯ ಹತ್ತಿರವೇ ಇರಬೇಕು. ಅರ್ಧ ವೋಲ್ಟ್ ಬಂದರೂ ದೋಷ ಆ ಜೋಡಣೆಯಲ್ಲೇ. ಋಣ ತಂತಿಯನ್ನು ಮೊದಲು ಬಿಚ್ಚಿ, ಹಸಿರು ಕಿಲುಬು ಉಜ್ಜಿ, ಬಿಗಿದು, ವ್ಯಾಸಲೀನ್ ಸವರಿದರೆ ಸಾಕಾಗುತ್ತದೆ. ಒಳಗಿನ ತಾಮ್ರವೇ ಕಪ್ಪಗಾಗಿದ್ದರೆ ತಂತಿ ಬದಲಿಸಬೇಕು. ತವರ ಲೇಪಿಸಿದ ತಂತಿ ಹೆಚ್ಚು ಬಾಳುತ್ತದೆ.

ದೀಪ, ಜಿಪಿಎಸ್, ರೇಡಿಯೊ ಆರಿದ್ದರೆ ಫ್ಯೂಸನ್ನೂ ನೋಡಬೇಕು. ಸುಟ್ಟ ಫ್ಯೂಸಿನ ಜಾಗದಲ್ಲಿ ತಂತಿತುಂಡು ಸಿಕ್ಕಿಸುವುದು, ಪೆಟ್ರೋಲ್ ಆವಿಯಿರುವ ದೋಣಿಯಲ್ಲಿ, ಬೆಂಕಿಗೆ ಆಹ್ವಾನ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಅವಧಿಯಲ್ಲಿ ಬ್ಯಾಟರಿಯನ್ನು ಕಳಚಿ ದಡದಲ್ಲಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡುವುದು ಒಳಿತು.