ಸಮಿತಿ ಯಾರಿಗೆ, ನೇಣು ಯಾರಿಗೆ

ನಮ್ಮಜ್ಜನಿಗೆ ತಾನು ಹುಟ್ಟಿದ ತಾರೀಖು ಗೊತ್ತಿರಲಿಲ್ಲ. ವಯಸ್ಸು ಕೇಳಿದರೆ, "ದಾವಣಗೆರೇಲಿ ಗೋಲಿಬಾರಾದಾಗ ನಂಗೆ ಮೀಸೆ ಚಿಗುರ್ತಿತ್ತು, ನೀನೇ ಲೆಕ್ಕ ಹಾಕ್ಕೊ" ಅನ್ನೋನು. ನಮ್ಮೂರು ಹೊಸದುರ್ಗ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅಲ್ಲಿನ ಮುದುಕರಿಗೆ ಪ್ಲೇಗು, ಬರ, ವಾಣಿವಿಲಾಸ ಸಾಗರ ತುಂಬಿದ ವರ್ಷ, ಇವೆಲ್ಲ ಕ್ಯಾಲೆಂಡರ್ ಇದ್ದ ಹಾಗೆ. ಅದರಲ್ಲಿ ಗೋಲಿಬಾರೂ ಒಂದು. ನಾನು ಹುಡುಗನಾಗಿದ್ದಾಗ ಅದೂ ಪ್ಲೇಗಿನ ಥರ ತಾನಾಗೇ ಬಂದು ಹೋಗುವ ಏನೋ ಒಂದು ಅಂದುಕೊಂಡಿದ್ದೆ. ಯಾರೋ ಒಬ್ಬರು ಹೇಳಿ, ಇನ್ಯಾರೋ ಟ್ರಿಗರ್ ಒತ್ತಿದ್ದಕ್ಕೇ ಅದು ಆಗೋದು ಅಂತ ಹೊಳೆದದ್ದು ತುಂಬಾ ತಡವಾಗಿ.

ಅಜ್ಜನ ಲೆಕ್ಕ ನೆನಪಾಗಲು ಕಾರಣ 2025ರ ಏಪ್ರಿಲ್ 13. ಹುಬ್ಬಳ್ಳಿಯಲ್ಲಿ ಐದು ವರ್ಷದ ಹೆಣ್ಣುಮಗುವೊಂದನ್ನು ಕೊಂದ ಆರೋಪಿ ಅದೇ ದಿನ ಪೊಲೀಸರ ಗುಂಡಿಗೆ ಸತ್ತ. ನಮ್ಮೂರ ವಾಟ್ಸಾಪ್ ಗ್ರೂಪಿನಲ್ಲಿ ಆ ರಾತ್ರಿ ದೀಪಾವಳಿ. ಗುಂಡು ಹಾರಿಸಿದವರು ಮಹಿಳಾ ಪಿಎಸ್‌ಐ ಅಂತ ಗೊತ್ತಾದ ಕೂಡಲೇ ಯಾರೋ "ಇನ್ನೊಬ್ಬ ಒನಕೆ ಓಬವ್ವ" ಅಂತ ಹಾಕಿದರು. ದುರ್ಗದ ಸೀಮೆಯವರಿಗೆ ಅದಕ್ಕಿಂತ ದೊಡ್ಡ ಬಿರುದಿಲ್ಲ. ನಾನೂ ಒಂದು ಥಂಬ್ಸ್ ಅಪ್ ಒತ್ತಿ ಮಲಗಿದೆ. ನನಗೂ ಆ ವಯಸ್ಸಿನ ಮಗಳಿದ್ದಾಳೆ. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿಗೆ ಖುಷಿಯೇ ಆಯಿತು.

ಬೆಳಿಗ್ಗೆ ಎದ್ದಾಗ ಏನೋ ಚುಚ್ಚುತ್ತಿತ್ತು. ಕೆಲವು ವರ್ಷಗಳ ಹಿಂದೆ ನನ್ನ ದೊಡ್ಡಪ್ಪನ ಮಗನನ್ನು ಬೋರ್‌ವೆಲ್ ಮೋಟಾರ್ ಕದ್ದ ಅನ್ನೋ ಅನುಮಾನದ ಮೇಲೆ ಪೊಲೀಸರು ಎತ್ತಿಕೊಂಡು ಹೋಗಿದ್ದರು. ಯಾವ ಠಾಣೆ ಅಂತ ಬೇಡ. ಎರಡು ದಿನ ಬಿಟ್ಟು ನಿಜವಾದ ಕಳ್ಳ ಸಿಕ್ಕಿದ, ಇವನನ್ನು ಬಿಟ್ಟು ಕಳಿಸಿದರು. ಅಷ್ಟರೊಳಗೆ ಇವನ ಅಂಗಾಲು ಊದಿಕೊಂಡಿತ್ತು. "ಅಣ್ಣಾ, ಆವತ್ತು ಓಡಿಬಿಡೋಣ ಅನಿಸಿತ್ತು" ಅಂತ ಒಮ್ಮೆ ಹೇಳಿದ್ದ. ಓಡಿದ್ದರೆ?

ಹುಬ್ಬಳ್ಳಿಯ ಅಧಿಕಾರಿ ಮಾಡಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆರೋಪಿ ಹಲ್ಲೆ ಮಾಡಿ ತಪ್ಪಿಸಿಕೊಳ್ಳಲು ನೋಡಿದ ಅನ್ನೋದು ಪೊಲೀಸರ ಹೇಳಿಕೆ. ತನಿಖೆ ಸಿಐಡಿಗೆ ಹೋಯಿತು, ವಿಷಯ ಹೈಕೋರ್ಟಿನ ಮುಂದೂ ಬಂತು. ಹಾಗೇ ಆಗಬೇಕು. ನನ್ನ ತಕರಾರಿರುವುದು ಆ ತನಿಖೆಗೂ ಮೊದಲೇ ತೀರ್ಪು ಕೊಟ್ಟ ನನ್ನ ಥಂಬ್ಸ್ ಅಪ್ ಬಗ್ಗೆ. ಓಬವ್ವ ಹೊಡೆದದ್ದು ಕಿಂಡಿಯಲ್ಲಿ ನುಸುಳಿ ಬರುತ್ತಿದ್ದ ಹೈದರಾಲಿಯ ಸೈನಿಕರನ್ನು. ಪೊಲೀಸರ ವಶದಲ್ಲಿರುವ ಒಬ್ಬ ಮನುಷ್ಯ, ಅವನು ಎಂಥ ಪಾಪಿಯೇ ಇರಲಿ, ಕೋಟೆಗೆ ನುಗ್ಗುವ ಸೈನ್ಯ ಅಲ್ಲ.

ಅಜ್ಜ ಹೇಳುತ್ತಿದ್ದ ಗೋಲಿಬಾರು 1942ರದ್ದು, ಕ್ವಿಟ್ ಇಂಡಿಯಾ ಕಾಲದ್ದು. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ಸತ್ತವರಿಗೆ ಅಲ್ಲಿ ಸ್ಮಾರಕ ಇದೆ. ಗುಂಡು ಹಾರಿಸಿದವರು ಯಾರು, ಹಾರಿಸಿ ಅಂದವರು ಯಾರು ಅಂತ ಅಜ್ಜನನ್ನು ಕೇಳಿದ್ದೆ. "ಪೊಲೀಸ್ನೋರಪ್ಪ, ಇನ್ಯಾರು" ಅಂದಿದ್ದ, ನಾನೇನೋ ದಡ್ಡ ಪ್ರಶ್ನೆ ಕೇಳಿದೆ ಅನ್ನೋ ಹಾಗೆ.

ಆ ಎಳೆ ಹಿಡಿದು ಹಳೇ ಮೈಸೂರು ಸಂಸ್ಥಾನದ ಚರಿತ್ರೆ ಓದುತ್ತಾ ಹೋದೆ. ಎರಡು ಊರುಗಳ ಹತ್ತಿರ ನಿಂತುಬಿಟ್ಟೆ.

ಮೊದಲನೆಯದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ, ಉತ್ತರ ಪಿನಾಕಿನಿಯ ದಡದಲ್ಲಿ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನವರು ಮದ್ದೂರಿನ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿ, ನಿಷೇಧ ಮುರಿದು ಬಾವುಟ ಹಾರಿಸಿದ್ದರು. ಅದೇ ಹುರುಪು ಕೋಲಾರದ ಕಡೆಗೂ ಹಬ್ಬಿತು. ಏಪ್ರಿಲ್ 25ರಂದು ವಿದುರಾಶ್ವತ್ಥದ ಜಾತ್ರೆಯ ಜನಸಂದಣಿ. ಸಭೆ ನಡೆಸಕೂಡದು, ಬಾವುಟ ಹಾರಿಸಕೂಡದು ಅಂತ ಆಜ್ಞೆ ಇತ್ತು. ಆದರೂ ಸಭೆ ಸೇರಿತು, ಪೊಲೀಸರು ಗುಂಡು ಹಾರಿಸಿದರು. ಸರ್ಕಾರ ಹೇಳಿದ ಸಾವಿನ ಲೆಕ್ಕ 10. ಜನ ಹೇಳುವ ಲೆಕ್ಕ 32. ದಕ್ಷಿಣದ ಜಲಿಯನ್‌ವಾಲಾ ಬಾಗ್ ಅಂತ ಹೆಸರಾಯಿತು.

ಆಮೇಲೆ ಏನಾಯಿತು ಅನ್ನೋದು ನನಗೆ ಮುಖ್ಯ. ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರ ಒಂದು ವಿಚಾರಣಾ ಸಮಿತಿ ಮಾಡಿತು. ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ ಅಧ್ಯಕ್ಷರು. ಇತ್ತ ವಲ್ಲಭಭಾಯಿ ಪಟೇಲರು, ಕೃಪಲಾನಿಯವರು ಬಂದು ಮಿರ್ಜಾ ಜೊತೆ ಮಾತಾಡಿದರು. ಮೇ ತಿಂಗಳಲ್ಲಿ ಒಪ್ಪಂದ ಆಯಿತು. ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು, ಜವಾಬ್ದಾರಿ ಸರ್ಕಾರದ ವಿಷಯ ಚರ್ಚಿಸಬಹುದು, ಹೀಗೆ. ಬಾವುಟದ ಜಗಳ ತೀರಿತು. ಗುಂಡಿನ ಜಗಳ ಸಮಿತಿಯ ಕಡತಕ್ಕೆ ಸೇರಿತು. ಸಮಿತಿ ಅಂದರೆ ಕೇಳುತ್ತದೆ, ಬರೆಯುತ್ತದೆ, ಕೊಡುತ್ತದೆ. ಅದರ ಮುಂದೆ ನಿಲ್ಲುವವನು ಆರೋಪಿ ಅಲ್ಲ.

ಎರಡನೆಯದು ಈಸೂರು. ಹೊಳಲ್ಕೆರೆ ಕಡೆಯಿಂದ ಹೊರಟರೆ ಶಿವಮೊಗ್ಗ ದಾಟಿ ಶಿಕಾರಿಪುರದ ಹತ್ತಿರ. ಕನ್ನಡ ಶಾಲೆಯಲ್ಲಿ ಓದಿದ ಎಲ್ಲರಿಗೂ ಈ ಊರು ಗೊತ್ತು. 1942ರ ಸೆಪ್ಟೆಂಬರಿನಲ್ಲಿ ಸ್ವತಂತ್ರ ಅಂತ ಸಾರಿಕೊಂಡು, ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಅಂತ ಮಾಡಿಕೊಂಡ ಹಳ್ಳಿ. ಅಲ್ಲಿಗೆ ಬಂದ ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಸೆಪ್ಟೆಂಬರ್ 28ರ ಗಲಾಟೆಯಲ್ಲಿ ಜನರ ಕೈಯಲ್ಲಿ ಸತ್ತರು. ಅವರೂ ಯಾರದೋ ಮಕ್ಕಳೇ, ನಮ್ಮ ಪಾಠಗಳಲ್ಲಿ ಅವರ ಸಾವಿಗೆ ಒಂದು ಸಾಲೂ ಸಿಗುವುದಿಲ್ಲ ಅನ್ನೋದು ನನ್ನ ಇನ್ನೊಂದು ಬೇಜಾರು. ಇಲ್ಲಿ ಸಮಿತಿ ಕೂರಲಿಲ್ಲ. ಪಡೆ ಬಂತು, ಜನ ಕಾಡು ಸೇರಿದರು, ಮೊಕದ್ದಮೆ ನಡೆಯಿತು. 1943ರ ಮಾರ್ಚ್‌ನಲ್ಲಿ ಐದು ಜನರನ್ನು ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೇರಿಸಿದರು. ಆರು ತಿಂಗಳೂ ಆಗಿರಲಿಲ್ಲ.

ಒಂದೇ ಸಂಸ್ಥಾನ. ನಡುವೆ ನಾಲ್ಕೂವರೆ ವರ್ಷ. ಜನ ಅಧಿಕಾರಿಗಳನ್ನು ಕೊಂದಲ್ಲಿ ನ್ಯಾಯಾಲಯ, ಅಧಿಕಾರಿಗಳು ಜನರನ್ನು ಕೊಂದಲ್ಲಿ ಸಮಿತಿ. ವಿದುರಾಶ್ವತ್ಥದ ಗುಂಡಿಗೆ ಯಾವ ಪೊಲೀಸನೂ ನೇಣಿಗೆ ಹೋಗಲಿಲ್ಲ. ಹೋಗಬೇಕಿತ್ತು ಅಂತಲ್ಲ, ನನಗೆ ಗಲ್ಲೇ ಇಷ್ಟ ಇಲ್ಲ. ದಾರಿ ಯಾಕೆ ಎರಡು ಅಂತ ಕೇಳುತ್ತಿದ್ದೇನೆ.

ಈ ಎರಡು ದಾರಿ ಬರೀ ರಾಜರ ಕಾಲದ್ದಲ್ಲ. 1898ರ ಬ್ರಿಟಿಷರ ಅಪರಾಧ ಪ್ರಕ್ರಿಯಾ ಸಂಹಿತೆಯಲ್ಲಿ, ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೆಲಸಕ್ಕೆ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಮಂಜೂರಾತಿ ಬೇಕಿತ್ತು. 1973ರ ಸಂಹಿತೆಯಲ್ಲೂ ಬೇಕಿತ್ತು. 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಬೇಕು. ಹೊಸದರಲ್ಲಿ ಒಂದು ಒಳ್ಳೆಯ ಬದಲಾವಣೆ ಇದೆ: 218ನೇ ಕಲಮಿನ ಪ್ರಕಾರ 120 ದಿನದಲ್ಲಿ ಸರ್ಕಾರ ಏನೂ ಹೇಳದಿದ್ದರೆ ಮಂಜೂರಾತಿ ಕೊಟ್ಟಂತೆಯೇ ಲೆಕ್ಕ. ಕಡತವನ್ನು ಕೆಳಗೆ ಹಾಕಿಕೊಂಡು ಕೂರುವ ಹಳೇ ಉಪಾಯಕ್ಕೆ ಅಷ್ಟರಮಟ್ಟಿಗೆ ಪೆಟ್ಟು.

2014ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಪಿಯುಸಿಎಲ್ ಪ್ರಕರಣದಲ್ಲಿ 16 ಸೂಚನೆ ಕೊಟ್ಟಿತು. ಪೊಲೀಸ್ ಗುಂಡಿಗೆ ಯಾರಾದರೂ ಸತ್ತರೆ ಎಫ್‌ಐಆರ್ ಆಗಬೇಕು. ತನಿಖೆಯನ್ನು ಸಿಐಡಿಯೋ ಬೇರೆ ಠಾಣೆಯ ತಂಡವೋ ಮಾಡಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. ಘಟನೆ ಆದ ಕೂಡಲೇ ಬಡ್ತಿ, ಶೌರ್ಯ ಪ್ರಶಸ್ತಿ ಕೊಡಕೂಡದು. ನಮ್ಮ ಆಫೀಸಿನಲ್ಲಿ ರಾತ್ರಿ ಸರ್ವರ್ ಬಿದ್ದರೆ, ಬೀಳಿಸಿದವನೊಬ್ಬನ ಕೈಗೇ ರಿಪೋರ್ಟ್ ಬರೆಯೋಕೆ ಕೊಡಲ್ಲ. ಅಷ್ಟು ಸಣ್ಣ ಮಾತಿದು. ಮನುಷ್ಯ ಸತ್ತಾಗ ಇದನ್ನು ಹೇಳಲು ಸುಪ್ರೀಂ ಕೋರ್ಟೇ ಬೇಕಾಯಿತು.

ಹೇಳಿದ ಮೇಲೂ? 2019ರ ಡಿಸೆಂಬರ್ 6ರಂದು ಹೈದರಾಬಾದಿನ ಹತ್ತಿರ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಜನ ಹೂ ಎರಚಿದರು. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ ಪೊಲೀಸರ ಕಥೆ ನಂಬುವಂತಿಲ್ಲ, 10 ಜನ ಪೊಲೀಸರ ಮೇಲೆ ಕೊಲೆ ಮೊಕದ್ದಮೆ ನಡೆಯಬೇಕು ಅಂದಿತು. ಹೂ ಎರಚಿದವರಿಗೆ ಅಷ್ಟೊತ್ತಿಗೆ ಆ ಸುದ್ದಿಯೇ ಬೇಡವಾಗಿತ್ತು. ಅದೇ 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧದ ಪ್ರತಿಭಟನೆ ವೇಳೆ ಗೋಲಿಬಾರಾಗಿ ಇಬ್ಬರು ಸತ್ತರು. ಸರ್ಕಾರ ತಲಾ 10 ಲಕ್ಷ ಪರಿಹಾರ ಅಂತ ಘೋಷಿಸಿತು, ಕೆಲವೇ ದಿನದಲ್ಲಿ ತಡೆಹಿಡಿಯಿತು. ವಿಚಾರಣೆಗೆ ಉಡುಪಿಯ ಜಿಲ್ಲಾಧಿಕಾರಿಯನ್ನು ಹಾಕಿತು. ಮತ್ತೆ ಅದೇ: ಸರ್ಕಾರದ ಒಂದು ಕೈ ಇನ್ನೊಂದು ಕೈಯನ್ನು ವಿಚಾರಿಸುವುದು.

ಕಳೆದ ಸಲ ಊರಿಗೆ ಹೋಗುವಾಗ ಹಿರಿಯೂರಿನಲ್ಲಿ ಇಳಿದು ಹೈಸ್ಕೂಲಿನ ಗೆಳೆಯನೊಬ್ಬನನ್ನು ಭೇಟಿಯಾದೆ. ಅವನು ಕಾನ್‌ಸ್ಟೇಬಲ್. ಹೈವೇ ಪಕ್ಕದ ಹೋಟೆಲಲ್ಲಿ ಕೂತು ಇದನ್ನೆಲ್ಲ ಹೇಳಿದೆ. ಮೊದಲು ರೇಗಿದ. "ನಿಂದೇನಲೇ, ಏಸಿ ರೂಮಲ್ಲಿ ಕೂತ್ಕಂಡು ಟೈಪ್ ಮಾಡ್ತೀಯ. ಕಲ್ಲು ಬೀಳೋವಾಗ ಬಂದು ನಿಂತ್ಕಂಡು ನೋಡು." ನಾನು ಸುಮ್ಮನಾದೆ, ಅವನು ಹೇಳಿದ್ದು ನಿಜವೇ. ಈಸೂರಿನ ಸಬ್ ಇನ್‌ಸ್ಪೆಕ್ಟರ್ ನೆನಪಾದರು. 1980ರ ಜುಲೈ 21ರಂದು ನರಗುಂದದ ರೈತ ಬಂಡಾಯದಲ್ಲಿ ಗುಂಡಿಗೆ ಸತ್ತ ರೈತನ ಹೆಸರಲ್ಲಿ ನಮ್ಮೂರ ಹಸಿರು ಶಾಲಿನವರು ಈಗಲೂ ಹುತಾತ್ಮ ದಿನ ಮಾಡುತ್ತಾರೆ. ಆ ಬಂಡಾಯದಲ್ಲಿ ಪೊಲೀಸರೂ ಸತ್ತಿದ್ದರು.

ಟೀ ಮುಗಿಸುವ ಹೊತ್ತಿಗೆ ಅವನೇ ಮತ್ತೆ ಬಾಯಿ ಬಿಟ್ಟ. "ಒಂದು ಮಾತು ಹೇಳ್ತೀನಿ ಕೇಳು. ಫೈರ್ ಮಾಡು ಅಂತ ಮೇಲಿನೋರು ಬಾಯಲ್ಲಿ ಹೇಳ್ತಾರೆ. ಪೇಪರಲ್ಲಿ ಇರೋದು ನನ್ನ ನಂಬರು, ನನ್ನ ರೈಫಲ್ ನಂಬರು. ಹೊರಗಿನೋರು ಬಂದು ಎಲ್ಲಾ ಬಿಚ್ಚಿ ಕೇಳಿದ್ರೆ, ಆರ್ಡರ್ ಕೊಟ್ಟೋರ ಹೆಸರೂ ಬರ್ತದೆ. ನಮ್ಮೋರೇ ಬರ್ಕಂಡ್ರೆ ಬರಲ್ಲ."

ಆರ್ಡರ್ ಕೊಟ್ಟವರ ಹೆಸರು. ಅಜ್ಜನ ಹತ್ತಿರ ನಾನು ಕೇಳಿದ್ದೂ ಅದನ್ನೇ. ಅಷ್ಟರಲ್ಲಿ ಅವನಿಗೆ ವಾಣಿವಿಲಾಸಪುರದ ಕಡೆ ಬಂದೋಬಸ್ತಿಗೆ ಕರೆ ಬಂತು. ದುಡ್ಡು ಕೊಡೋಕೆ ಬಿಡದೆ ತಾನೇ ಕೊಟ್ಟು, ಟೋಪಿ ಹಾಕಿಕೊಂಡು ಬೈಕ್ ಹತ್ತಿದ.