ಕ್ಯಾಸನೂರು ಕಾಡಿನ ಉಣುಗು

1957ರ ಬೇಸಿಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿಬಂದ ಜನರಿಗೂ ಜ್ವರ, ವಿಪರೀತ ತಲೆನೋವು, ಕೆಲವರಿಗೆ ರಕ್ತಸ್ರಾವ. ಆಫ್ರಿಕ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂದು ವಿಜ್ಞಾನಿಗಳು ಗಾಬರಿಗೊಂಡರು. ಆದರೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಸತ್ತ ಮಂಗದಲ್ಲಿ ಸಿಕ್ಕಿದ್ದು ಹೊಸ ವೈರಸ್. ರಷ್ಯದಲ್ಲಿ ಉಣುಗು ಹರಡುವ ಮಿದುಳುಜ್ವರದ ವೈರಸ್ಸಿಗೆ ಅದು ಹತ್ತಿರದ ನೆಂಟ. ಇಲ್ಲಿಯೂ ವಾಹಕ ಉಣುಗೇ.

ಹಾಗಾದರೆ ವೈರಸ್ ಆಗಷ್ಟೇ ಬಂದಿತೇ? ಕಾಡಿನ ಇಲಿಯಂಥ ಸಣ್ಣ ಪ್ರಾಣಿಗಳಲ್ಲಿ ಅದು ಮೊದಲೇ ಸದ್ದಿಲ್ಲದೆ ಇದ್ದಿರಬೇಕೆಂದು ಸಂಶೋಧಕರು ಊಹಿಸಿದರು. ಬದಲಾದದ್ದು ಕಾಡು. ಸಾಗುವಳಿಗಾಗಿ ಮರ ಕಡಿದರು, ಅಂಚಿನಲ್ಲಿ ಪೊದೆ ಬೆಳೆಯಿತು, ದನಗಳು ಮೇಯಲು ಬಂದವು. ಇಲ್ಲಿ ಸ್ವಲ್ಪ ಗಮನಿಸಿ. ದನದಿಂದ ನಮಗೆ ಈ ರೋಗ ತಗಲುವುದಿಲ್ಲ. ಆದರೆ ಬಲಿತ ಹೆಣ್ಣು ಉಣುಗು ದನದ ರಕ್ತ ಹೀರಿ, ನೆಲಕ್ಕುದುರಿ, ಸಾವಿರಾರು ಮೊಟ್ಟೆ ಇಡುತ್ತದೆ. ಮಳೆಗಾಲ ಕಳೆದ ಮೇಲೆ ಮರಿಗಳು ಹೊರಬರುತ್ತವೆ. ಕಚ್ಚಿದರೂ ಗೊತ್ತಾಗದಷ್ಟು ಸಣ್ಣ ಎಳೆಯ ಉಣುಗುಗಳು ಒಣಹವೆಯ ತಿಂಗಳುಗಳಲ್ಲಿ ತರಗೆಲೆಯ ತುಂಬ ಇರುತ್ತವೆ. ಜನ ಸೌದೆಗೆ, ದರಗಿಗೆ ಕಾಡಿಗೆ ಹೋಗುವುದೂ ಆಗಲೇ! ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ವೈರಸ್ ಸಮೇತ ಅಲ್ಲೇ ಉದುರುತ್ತವೆ. ರೋಗಕ್ಕೆ ಮಂಗನ ಕಾಯಿಲೆ ಎಂದೇ ಹೆಸರಾಯಿತು. ಪಾಪ, ಮಂಗವೂ ರೋಗಿಯೇ.

1982ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಗೇರು ನೆಡಲು ಕಾಡು ಕಡಿದರು. ಅಲ್ಲಿಂದ ಹಬ್ಬಿದ ಕಾಯಿಲೆ 1983ರ ಬೇಸಿಗೆ ಮುಗಿಯುವಷ್ಟರಲ್ಲಿ 1,500ಕ್ಕೂ ಹೆಚ್ಚು ಜನರಿಗೆ ತಗಲಿತ್ತು. ಸುಮಾರು 150 ಮಂದಿ ತೀರಿಕೊಂಡಿದ್ದರು.